ಚಕ್ಕೆ ತೆಗೆದ ಸೋರೆಕಾಯಿ

ಶಿವರುದ್ರಮ್ಮನವರ ಸೋರೆಕಾಯಿ ತಿನ್ನದ ಮನೆ ಕೊಡಿಗೇನಹಳ್ಳಿಯ ನಮ್ಮ ಬೀದಿಯಲ್ಲಂತೂ ಇಲ್ಲ. ನಾನವರನ್ನು ದೊಡ್ಡಮ್ಮ ಅಂತೀನಿ. ನೆಂಟಸ್ತಿಕೆ ಏನಿಲ್ಲ, ಎದುರುಮನೆ ಅಷ್ಟೇ. ಆದರೆ ಅವರ ಹಿತ್ತಲು ನೋಡಬೇಕು ನೀವು! ಬರೀ ಬಚ್ಚಲ ನೀರಿಗೆ ಬದನೆ, ಹೀರೆ, ದಂಟು ಎಲ್ಲ ಬೆಳೆಯುತ್ತಾರೆ. ಮನೆಯ ಶೀಟಿನ ಮೇಲೆಲ್ಲ ಸೋರೆಬಳ್ಳಿ.

ಸೋರೆಕಾಯಿ ಒಮ್ಮೊಮ್ಮೆ ಕಹಿ ಬರುತ್ತದೆ. ಕಹಿ ಬಂದದ್ದು ಹೊಟ್ಟೆಗೆ ವಿಷ. ಅದಕ್ಕೇ ದೊಡ್ಡಮ್ಮ ಯಾರಿಗೇ ಕಾಯಿ ಕೊಡಲಿ, ತೊಟ್ಟಿನ ಹತ್ತಿರ ಚಾಕುವಿನಲ್ಲಿ ಒಂದು ಚಕ್ಕೆ ತೆಗೆದು, ಬಾಯಿಗೆ ಹಾಕಿ ನೋಡಿಯೇ ಕೊಡುವುದು. ಆ ಗುರುತು ಇದ್ದರೆ ಮುಗಿಯಿತು, ಬೇರೆ ಯಾರೂ ರುಚಿ ನೋಡಲು ಹೋಗುವುದಿಲ್ಲ.

ಬೀದಿಯ ಕೊನೆಮನೆಯ ಭುವನಕ್ಕ ಮಾತ್ರ ಮೊದಲು ಮಧುಗಿರಿಯ ಸೂಪರ್ ಮಾರ್ಕೆಟ್ಟಿನಿಂದ ತರಕಾರಿ ತರುತ್ತಿದ್ದರು. ಅವರ ಗಂಡ ಪ್ರಭುದೇವಣ್ಣನಿಗೆ ಶುಗರ್. ಯಾವುದೋ ವಿಡಿಯೋ ನೋಡಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ಜ್ಯೂಸ್ ಶುರು ಮಾಡಿದ್ದರು.

"ಆ ಫ್ರಿಜ್ಜಲ್ಲಿ ಮಲಗಿದ್ ಕಾಯಿಗೆ ಯಾವ ಊರೋ, ಯಾವ ತಿಂಗ್ಳೋ. ಹೆಣ ಅರೆದು ಗಂಡಂಗೆ ಕುಡುಸ್ತಿದ್ದೀಯ ಕಣಮ್ಮ" ಅಂತ ದೊಡ್ಡಮ್ಮ ಒಂದು ದಿನ ಬೀದಿಯಲ್ಲೇ ನಿಲ್ಲಿಸಿ ಕೇಳಿದರು.

"ಬುಡಿ ಅಮ್ಮ, ಅಲ್ಲಿ ಏಸಿ ಐತೆ, ಒಂದ್ ಗಳಿಗೆ ತಣ್ಣಗೆ ನಿಂತ್ಕಂಡು ಬತ್ತೀನಿ. ನಿಮ್ ಹಿತ್ಲಲ್ಲಿ ಬರೀ ಸೊಳ್ಳೆ" ಅಂದರು ಭುವನಕ್ಕ.

"ತಾಜಾ ಯಾವ್ದು ಅಂತ ಸೊಳ್ಳೆಗೂ ಗೊತ್ತು ಕಣೆ!"

ಭುವನಕ್ಕ ನಕ್ಕುಬಿಟ್ಟರು. ಅವತ್ತಿನಿಂದ ಜ್ಯೂಸಿಗೆ ದೊಡ್ಡಮ್ಮನ ಕಾಯಿಯೇ.

ಮೊನ್ನೆ ಒಂದು ದಿನ ಬೆಳಿಗ್ಗೆ ನಾನು ದೊಡ್ಡಮ್ಮನ ಮನೆಗೆ ಪಾತ್ರೆ ವಾಪಸ್ ಕೊಡಲು ಹೋಗಿದ್ದೆ. ಬಿಸಿ ರೊಟ್ಟಿ, ಸೋರೆಕಾಯಿ ಪಲ್ಯ ಹಾಕಿಕೊಟ್ಟರು. ಒಂದು ತುತ್ತು ಬಾಯಿಗಿಟ್ಟವಳೇ ಎದ್ದು ಹೋಗಿ ಉಗಿದೆ.

"ದೊಡ್ಡಮ್ಮ, ವಿಷ ಇದ್ದಂಗೈತೆ! ನೀವು ಚಕ್ಕೆ ನೋಡ್ಲಿಲ್ವಾ?"

ಅವರು ಒಂದು ಹೋಳು ಬಾಯಿಗೆ ಹಾಕಿಕೊಂಡು ಅಗಿದರು. ಅಗಿದೇ ಅಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ನನಗೆ ಅದನ್ನು ನೋಡಿಯೇ ಹೆದರಿಕೆಯಾಯಿತು. "ಉಗೀರಿ, ಉಗೀರಿ" ಅಂತ ಕೈ ಒಡ್ಡಿ ಉಗಿಸಿದೆ.

"ಏನೂ ಗೊತ್ತಾಗಾಕಿಲ್ಲ ಕಣಮ್ಮ. ಜ್ವರ ಬಂದೋಯ್ತಲ್ಲ, ಅವತ್ತಿಂದ ನಾಲ್ಗೆ ಸತ್ತೋಗೈತೆ. ಇಪ್ಪತ್ ದಿನ ಆಯ್ತು."

"ಮತ್ತೆ ದಿನಾ ಚಕ್ಕೆ ತೆಗೀತಿದ್ರಲ್ಲ?"

"ತೆಗೀದಿದ್ರೆ ಯಾಕೆ ಅಂತ ಕೇಳ್ತಾರೆ. ನಿಜ ಹೇಳಿದ್ರೆ ನನ್ ಕಾಯಿ ಯಾರ್ ತಗಂತಾರೆ? ಎಲ್ರೂ ಆ ಮಾರ್ಕೆಟ್ಟಿಗೇ..." ಅನ್ನುತ್ತ ಇದ್ದವರು ತಟ್ಟನೆ ನನ್ನ ತೋಳು ಹಿಡಿದರು. "ಅಯ್ಯೋ, ನೆನ್ನೆ ಸಂಜೆ ಭುವನಂಗೆ ಕೊಟ್ಟಿದ್ದು ಇದೇ ಬಳ್ಳೀದು!"

ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಚಪ್ಪಲಿಯನ್ನೂ ಹಾಕದೆ ಇಬ್ಬರೂ ಓಡಿದೆವು. ದೊಡ್ಡಮ್ಮ ಓಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಭುವನಕ್ಕನ ಮನೆ ಹತ್ತಿರ ಬರುವಾಗ ಮಿಕ್ಸಿ ಸದ್ದು ಕೇಳಿಸಿತು. ಸದ್ಯ, ಜ್ಯೂಸ್ ಇನ್ನೂ ಆಗುತ್ತಿದೆ, ಕುಡಿದಿಲ್ಲ!

ಒಳಗೆ ಹೋದರೆ ಭುವನಕ್ಕ ರುಬ್ಬುತ್ತಿದ್ದದ್ದು ಚಟ್ನಿ. ಪ್ರಭುದೇವಣ್ಣ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಇವತ್ತು ಬೇವಿನ್ ಕಷಾಯ ಇದ್ದಂಗಿತ್ತಕ್ಕ" ಅಂತ ನಕ್ಕರು. "ಉಗಿಯಾನ ಅನ್ಕಂಡೆ. ನೀನು ಚಕ್ಕೆ ತೆಗ್ದಿದ್ದೀಯಲ್ಲ, ಕಹಿ ಇದ್ರೆ ಔಷಧಿಗೆ ಇನ್ನೂ ಒಳ್ಳೇದೇ ಅಂತ ಮೂಗ್ ಹಿಡ್ಕಂಡು ಪೂರ್ತಿ ಕುಡ್ದೆ."

ನಗುತ್ತಲೇ ಹೊಟ್ಟೆ ಒತ್ತಿ ಹಿಡಿದುಕೊಂಡರು.

"ಕಾಯಿ ಕೆಟ್ಟಿತ್ತು, ಎದ್ದೇಳು ಪ್ರಭು, ಆಸ್ಪತ್ರೆಗೆ" ಎಂದಷ್ಟೇ ಹೇಳಿದರು ದೊಡ್ಡಮ್ಮ. ಪಕ್ಕದ ಮನೆಯ ಪರಮೇಶಣ್ಣ ಕಾರು ತೆಗೆದರು. ಮಧುಗಿರಿ ಮುಟ್ಟುವಷ್ಟರಲ್ಲಿ ಪ್ರಭುದೇವಣ್ಣ ಮೂರು ಸಲ ವಾಂತಿ ಮಾಡಿದರು. ಮೂರನೆಯದರಲ್ಲಿ ರಕ್ತ ಇತ್ತು. ಅವರ ಕೈ ಐಸಿನ ಹಾಗೆ ತಣ್ಣಗಾಗಿತ್ತು. ಭುವನಕ್ಕ "ರೀ, ಮಾತಾಡ್ರೀ" ಅಂತ ಕೆನ್ನೆ ತಟ್ಟುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದರು ಅಂತ ಕೇಳಿದರು.

"ಬರೀ ಸೋರೆಕಾಯಿ ಜ್ಯೂಸು. ಕಾಯಿ ಕೆಡಾಕೆ ಹೆಂಗ್ ಸಾಧ್ಯ ಡಾಕ್ಟ್ರೇ, ಇವ್ರು ರುಚಿ ನೋಡೇ ಕೊಟ್ಟಿರೋದು" ಅಂದರು ಭುವನಕ್ಕ.

ದೊಡ್ಡಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದರು. ಹೇಳದೆ ಇದ್ದುಬಿಡುತ್ತಾರೇನೋ ಅಂತ ನನಗೆ ಒಂದು ಕ್ಷಣ ಅನ್ನಿಸಿತು.

"ರುಚಿ ನೋಡಿಲ್ಲ ಡಾಕ್ಟ್ರೇ. ನೋಡ್ದಂಗೆ ಮಾಡ್ದೆ. ನನ್ ನಾಲ್ಗೆಗೆ ಏನೂ ಗೊತ್ತಾಗಲ್ಲ. ಆ ಕಾಯಿ ಕಹಿ, ವಿಷದಂಥ ಕಹಿ."

ಭುವನಕ್ಕ ಅವರನ್ನೇ ನೋಡಿದರು. ಡಾಕ್ಟರು ಬಿಪಿ ತುಂಬಾ ಇಳಿದಿದೆ ಅನ್ನುತ್ತ ಒಳಗೆ ಓಡಿದರು, ಬಾಗಿಲು ಹಾಕಿಕೊಂಡಿತು.

ಹೊರಗೆ ಬೆಂಚಿನ ಮೇಲೆ ಕೂತ ದೊಡ್ಡಮ್ಮ ನನ್ನ ಫೋನ್ ಇಸಿದುಕೊಂಡರು. ಈ ಇಪ್ಪತ್ತು ದಿನದಲ್ಲಿ ಇನ್ನೂ ನಾಲ್ಕು ಮನೆಗೆ ಕಾಯಿ ಕೊಟ್ಟಿದ್ದರು. ಒಂದೊಂದೇ ಮನೆಗೆ ಫೋನ್ ಮಾಡಿ, "ಕಾಯಿ ಇದ್ರೆ ಬಿಸಾಕ್ರವ್ವ, ನಾನು ಸುಳ್ಳು ಹೇಳಿದ್ದೆ" ಅಂದರು. ಮೂರು ಮನೆಯವರು ಚೆನ್ನಾಗಿದ್ದರು. ನಾಲ್ಕನೆಯದು ಮಾರಕ್ಕನ ಮನೆ.

"ಅಯ್ಯೋ, ನಂದು ಹೋದ್ ವಾರನೇ ಕಹಿ ಬಂದಿತ್ತು ಕಣಕ್ಕ. ತಿಪ್ಪೇಗ್ ಎಸೆದೆ" ಅಂದರು ಮಾರಕ್ಕ.

"ಪಲ್ಯ ಚೆನ್ನಾಗಿತ್ತು ಅಂದ್ಯಲ್ಲೇ ನೀನು!"

"ನಿನ್ ಬಳ್ಳಿ ಮೇಲೆ ನಿಂಗೆ ಜೀವ. ಬೇಜಾರ್ ಮಾಡ್ಕತೀಯ ಅಂತ ಹಂಗಂದೆ."

ದೊಡ್ಡಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, "ಅನ್ಬೇಕಿತ್ತು ಕಣೆ ಮಾರಿ. ನನ್ನ ಮುಖಕ್ಕೆ ಉಗ್ದು ಅನ್ಬೇಕಿತ್ತು" ಅಂದರು.

ಮಧ್ಯಾಹ್ನ ದಾಟಿದ ಮೇಲೆ ಭುವನಕ್ಕ ಹೊರಗೆ ಬಂದರು. "ಬಿಪಿ ಏರ್ತಂತೆ. ಜೀವಕ್ಕೇನೂ ಭಯ ಇಲ್ವಂತೆ. ಎರಡ್ ದಿನ ಇಲ್ಲೇ ಇರ್ಬೇಕು."

"ನಾನೂ ಇರ್ತೀನಿ ಭುವನ."

"ಇರಿ. ಆದ್ರೆ ನಂಜೊತೆ ಮಾತಾಡ್ಬ್ಯಾಡಿ."

ಬೆಂಚಿನ ಆ ತುದಿಯಲ್ಲಿ ಅವರು ಕೂತರು, ಈ ತುದಿಯಲ್ಲಿ ದೊಡ್ಡಮ್ಮ, ನಡುವೆ ನಾನು. ಇಬ್ಬರೂ ನಡುಗುತ್ತಿದ್ದದ್ದು ಹಲಗೆಯಲ್ಲೇ ಗೊತ್ತಾಗುತ್ತಿತ್ತು.