ಕಾಗದ ಬರೆದುಕೊಡುವವರು

ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾಪುವಿನಿಂದ ಉಡುಪಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಎರಡು ಕಪ್ ಗೆದ್ದಿದ್ದೆ. ಯಾರು ಏನು ಹೇಳಿದರೂ ಮೊದಲು ನಂಬದಿರುವುದು ಅಲ್ಲಿಂದ ಹತ್ತಿದ ಅಭ್ಯಾಸ.

ಪಕ್ಕದ ಬ್ಯಾರಿ ಮನೆಯ ಸೊಸೆಯನ್ನು ಅಕ್ಕ ಎನ್ನುತ್ತಿದ್ದೆ. ಗಂಡ ಗಲ್ಫಿನಲ್ಲಿದ್ದ. ಅವನ ಕಾಗದ ಬಂದರೆ ಮೈದುನ ಜಗಲಿಯಲ್ಲಿ ಕುಳಿತು ಮನೆಯವರಿಗೆಲ್ಲ ಗಟ್ಟಿಯಾಗಿ ಓದುವುದು ಅಲ್ಲಿಯ ಕ್ರಮ. ಅಕ್ಕನಿಗೆ ಅಕ್ಷರ ಬಾರದೆಂದು ಎಲ್ಲರೂ ತಿಳಿದಿದ್ದರು.

ತಿಂಗಳಿಗೊಮ್ಮೆ ಕಾರ್ಕಳದ ತವರಿಗೆ ಹೋಗಿ ಬರುವಾಗ ಅಕ್ಕನ ಕೈಯಲ್ಲಿ ಬರೆದು ಮಡಚಿದ ಕಾಗದವಿರುತ್ತಿತ್ತು. ಇಂಗ್ಲಿಷ್ ವಿಳಾಸ ಮಾತ್ರ ನನ್ನ ಕೆಲಸ.

"ಯಾರು ಬರೆದುಕೊಟ್ಟದ್ದು?"

"ಅಲ್ಲಿ ಒಬ್ಬರು ಇದ್ದಾರೆ."

"ಗಂಡಸೋ ಹೆಂಗಸೋ?"

"ಬರೆಯುವವರು, ಮಾರಾಯ್ತಿ. ನಿನಗೆ ಎಂತಕ್ಕೆ?"

ಮುಚ್ಚಿಟ್ಟ ಉತ್ತರದಲ್ಲಿ ಏನೋ ಇದ್ದೇ ಇರುತ್ತದೆ ಎಂಬುದು ನನ್ನ ವಾದ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅದನ್ನೇ ಕಥೆ ಮಾಡಹೊರಟೆ: ಗಲ್ಫಿನವರ ಹೆಂಡಂದಿರಿಗೆ ಕಾಗದ ಬರೆದುಕೊಡುವ, ಯಾರೂ ಕಾಣದ ಒಂದು ಜೀವ. ಮೊದಲ ಸಾಲಿಗೇ ಪೆನ್ನು ನಿಂತಿತು. ಅವನೋ, ಅವಳೋ? ಗಂಡಸಲ್ಲದಿದ್ದರೆ ಮುಚ್ಚಿಡುವುದೇಕೆ ಎಂದು ತರ್ಕಿಸಿ 'ಅವನು' ಎಂದೇ ಬರೆದೆ. ಸಂಶಯ ಮಾತ್ರ ಹೋಗಲಿಲ್ಲ. ಅದಕ್ಕೊಂದು ಉಪಾಯ ಹೂಡಿದೆ. ಅಕ್ಕನಿಗೆ ಓದಿ ಹೇಳುವಾಗ ಒಮ್ಮೆ 'ಅವನು', ಒಮ್ಮೆ 'ಅವಳು' ಎನ್ನುವುದು. ಯಾವುದಕ್ಕೆ ಬೆಚ್ಚುತ್ತಾರೆಂದು ನೋಡುವುದು.

ಹಿತ್ತಿಲ ಮೆಟ್ಟಿಲಲ್ಲಿ ಅಕ್ಕ ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಕುಳಿತು ಓದಿದೆ. 'ಅವನು' ಎಂದಾಗ ಕೈ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ 'ಅವಳು' ಎಂದೆ. ಹೊಗೆಸೊಪ್ಪಿನ ಪುಡಿ ಮೆತ್ತಿದ ಬೆರಳೊಂದು ನನ್ನ ಹಾಳೆಯ ಮೇಲೆ ಬಂದು, ಸರಿಯಾಗಿ ಅಲ್ಲಿ ಬರೆದಿದ್ದ 'ಅವನು' ಎಂಬುದರ ಮೇಲೆಯೇ ಕೂತಿತು.

"ಇಲ್ಲಿ ಹಾಗೆ ಬರೆದಿಲ್ಲ ಅಲ್ವಾ?"

"ಕಾಗದ ಬರೆಯುವುದು ನೀವೇ."

"ಮೆಲ್ಲ ಹೇಳು. ಒಳಗೆ ಅತ್ತೆ ಇದ್ದಾರೆ. ಗಲ್ಫಿನಲ್ಲಿರುವ ಅವರಿಗೊಬ್ಬರಿಗೆ ಮಾತ್ರ ಗೊತ್ತುಂಟು. ನನ್ನನ್ನು ಕರೆಸಿಕೊಳ್ಳುತ್ತೇನೆ, ಪಾಸ್‌ಪೋರ್ಟಿಗೆ ಫೋಟೊ ತೆಗೆಸಲಿ ಅಂತ ಮೂರು ಕಾಗದದಲ್ಲಿ ಬರೆದಿದ್ದಾರೆ. ಮೈದುನ ಮೂರರಲ್ಲೂ ಅಷ್ಟನ್ನು ಹಾರಿಸಿ ಓದಿದ. ನನಗೆ ಓದಲು ಬರುವುದಿಲ್ಲ ಅಂತಲೇ ಕಾಗದವನ್ನು ಗೋಡೆಯ ತಂತಿಗೆ ಚುಚ್ಚಿ ಹೋಗುತ್ತಾನೆ. ಬರುತ್ತದೆ ಅಂತ ತಿಳಿದರೆ ಆಮೇಲೆ ನನ್ನ ಕಣ್ಣಿಗೆ ಬೀಳುತ್ತದಾ?"

"ಹಾಗಾದರೆ ಕಥೆಯಲ್ಲಿ ಅವನು ಅಂತಲೇ ಇರಲಿ."

"ಇರಲಿ. ಊರಿನವರು ನನ್ನನ್ನು ಯಾರ ಜೊತೆ ಸೇರಿಸಿ ಮಾತಾಡಬೇಕು ಅಂತಲೂ ನೀನೇ ಬರೆದುಬಿಡು."

"ಅವಳು ಅಂದರೆ?"

"ಬರೆಯಲು ಬರುವ ಹೆಂಗಸು ಯಾರು ಅಂತ ಹುಡುಕುತ್ತಾರೆ. ಡಿಬೇಟಿನವಳಲ್ವಾ ನೀನು, ಮುಂದಿನದ್ದು ನೀನೇ ಹೇಳು."

ಮನೆಗೆ ಬಂದು, ಮೊದಲಿನಿಂದ ಕೊನೆಯವರೆಗೆ 'ಅವರು' ಎಂದು ಮಾಡಿ ಹೊಸ ಪ್ರತಿ ಬರೆದೆ.

ಸಂಚಿಕೆ ನೋಡಿಕೊಳ್ಳುತ್ತಿದ್ದ ಕನ್ನಡ ಮೇಷ್ಟ್ರು ಎರಡನೇ ಪುಟದಲ್ಲೇ ನಿಂತರು. "ಯಾರಿದು ಅವರು? ಹೆಂಡತಿ ಗಂಡನ ಹೆಸರು ತಪ್ಪಿಸಿದ ಹಾಗುಂಟು. ಗಂಡೋ ಹೆಣ್ಣೋ?"

"ಗೊತ್ತಿಲ್ಲ, ಸರ್."

"ಬರೆದ ನಿನಗೇ ಗೊತ್ತಿಲ್ಲವಾ? ಏನೋ ಮುಚ್ಚಿಡುತ್ತಿದ್ದೀಯ."

ನನ್ನದೇ ವಾದ, ನನ್ನ ಕಡೆಗೇ ತಿರುಗಿತ್ತು.

"ಎರಡರಲ್ಲಿ ಒಂದು ಮಾಡು. ಇಲ್ಲದಿದ್ದರೆ ಅಚ್ಚಿಗಿಲ್ಲ."

ಕಥೆ ವಾಪಸು ಕೊಡಿ ಎಂದೆ.

ಮುಂದಿನ ತಿಂಗಳು ಕಾರ್ಕಳಕ್ಕೆಂದು ಹೊರಟ ಅಕ್ಕ ನನ್ನೊಂದಿಗೆ ಉಡುಪಿಯಲ್ಲಿ ಇಳಿದು ಸ್ಟುಡಿಯೋ ಹೊಕ್ಕರು. ಹೊರಗೆ ಬಂದವರು ಚೀಲದಿಂದ ಪಾಸ್‌ಪೋರ್ಟಿನ ಫಾರ್ಮು ತೆಗೆದು ನನ್ನ ಕೈಗಿಟ್ಟರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಪೋಸ್ಟಾಫೀಸಿನ ಬೆಂಚಿನಲ್ಲಿ ಕುಳಿತು ನಾನೇ ತುಂಬಿಸಿದೆ.

ಕಥೆಯ ಮೊದಲ ಕರಡು ಈಗಲೂ ನನ್ನಲ್ಲಿದೆ. 'ಅವನು' ಎಂಬುದರ ಮೇಲೆ ಹೊಗೆಸೊಪ್ಪಿನ ಕಲೆ. ಅಷ್ಟು ವರ್ಷ ಒಂದು ಮನೆಯನ್ನೇ ನಂಬಿಸಿದವರು ನನ್ನ ಒಂದು ಉಪಾಯಕ್ಕೆ ಸಿಕ್ಕಿಬಿದ್ದರು ಎಂಬುದನ್ನು ನಾನು ಇನ್ನೂ ನಂಬಿಲ್ಲ. ಆ ಫಾರ್ಮು ತುಂಬಲು ಅವರಿಗೆ ಗುಟ್ಟು ತಿಳಿದ ಒಬ್ಬರು ಬೇಕಿತ್ತು.