ಬೀಗರ ಹಾಡಿಗೆ ಅಂಟಿಸಿದ ಅಕ್ಷರಗಳು

ವಿಡಿಯೊಗೆ ಸಬ್‌ಟೈಟಲ್ ಕೂಡಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮ ಆಫೀಸಿನಲ್ಲಿ ಯಾರೂ ಇರಲಿಲ್ಲ. ಇದನ್ನು ಜಂಬ ಎಂದುಕೊಳ್ಳುವವರು ಧಾರಾಳವಾಗಿ ಎಂದುಕೊಳ್ಳಲಿ. ಪುಣೆಯ ಹಿಂಜವಾಡಿಯ ಆ ಆಫೀಸಿನಲ್ಲಿ ಕಾರ್ಖಾನೆಗಳ ತರಬೇತಿ ವಿಡಿಯೊಗಳಿಗೆ ಮರಾಠಿ, ಹಿಂದಿ ಸಾಲುಗಳನ್ನು ಹಾಕುವುದು ನನ್ನ ಹೊಟ್ಟೆಪಾಡು. ಯಾವ ಸಾಲು ಯಾವ ಕ್ಷಣಕ್ಕೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಅನ್ನ ಬೆಂದದ್ದು ತಿಳಿದಷ್ಟೇ ಸಲೀಸಾಗಿ ನನಗೆ ತಿಳಿಯುತ್ತಿತ್ತು. ಆದರೆ ಜೀವ ಕೈಯಲ್ಲಿ ಹಿಡಿದುಕೊಂಡು ನಾನು ಸಬ್‌ಟೈಟಲ್ ಹಾಕಿದ್ದು ಒಂದೇ ಒಂದು ವಿಡಿಯೊಗೆ. ಅದು ನನ್ನದೇ ಮದುವೆಯದು.

ಧಾರವಾಡದಲ್ಲಿದ್ದ ನನ್ನ ಮೌಶಿಗೆ, ಅಂದರೆ ತಾಯಿಯ ಅಕ್ಕನಿಗೆ, ಕಣ್ಣಿನ ಪೊರೆ ತೆಗೆಸಬೇಕಾಗಿತ್ತು. ನಾನು ಕೂಸಾಗಿದ್ದಾಗಲೇ ತಾಯಿ ಹೋದಳು. ನನ್ನನ್ನು ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವಳು ಈ ಮೌಶಿ. ಆಪರೇಷನ್ ಪುಣೆಯಲ್ಲೇ ಆಗಲಿ, ನನ್ನ ಮನೆಯಲ್ಲೇ ಇರು ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಆ ಸಂಜೆ ನನ್ನ ಅತ್ತೆ ಕಡ್ಡಿ ಮುರಿದಂತೆ ಮರಾಠಿಯಲ್ಲಿ ತಿಳಿಸಿದರು: ಆಕೆ ಬರುವ ದಿನ ನಾನು ಯೆರವಡಾಕ್ಕೆ, ದೊಡ್ಡ ಮಗನ ಮನೆಗೆ ಹೋಗುತ್ತೇನೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ.

ಇದು ಮದುವೆಯ ದಿನದ ಸಿಟ್ಟು. ನಮ್ಮ ಕಡೆ ಬೀಗರು ಊಟಕ್ಕೆ ಕುಳಿತಾಗ ಹೆಣ್ಣಿನ ಮನೆಯ ಹೆಂಗಸರು ಗಂಡಿನ ತಾಯಿಯನ್ನು ಕಿಚಾಯಿಸಿ ಹಾಡುತ್ತಾರೆ. ಬೈದಷ್ಟೂ ಬೀಗತನ ಗಟ್ಟಿ ಎಂಬ ಲೆಕ್ಕ ನಮ್ಮದು. ನನ್ನ ಗಂಡನ ಮನೆಯವರಲ್ಲೂ ಅದೇ ಹೊತ್ತಿಗೆ ಒಂದು ಹಾಡುಂಟು, ಆದರೆ ಅದು ಕಣ್ಣೀರಿನ ಹಾಡು. ನಮ್ಮ ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಬೀಗತಿಯನ್ನು ಬೇಡಿಕೊಳ್ಳುವ ಹಾಡು. ಅತ್ತೆ ಅದನ್ನೇ ಎದುರುನೋಡುತ್ತ ಸೆರಗು ಸರಿಮಾಡಿಕೊಂಡು ಕುಳಿತಿದ್ದರು. ಮೌಶಿ ಕನ್ನಡದಲ್ಲಿ ಹಾಡು ಎತ್ತಿದ್ದೇ ತಡ, ಒಂದಕ್ಷರ ತಿಳಿಯದಿದ್ದರೂ ಕಣ್ಣು ಒರೆಸಿಕೊಂಡರು. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾವ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಗಂಡ ಸತ್ತವಳು ಪಂಕ್ತಿಯ ಮೊದಲ ಎಲೆಗೆ ಕೂರಬಾರದು ಎಂದು ಅವರ ಕಡೆಯ ಹಿರಿಯರೇ ಗೊಣಗಿದ್ದರಂತೆ. ಮೌಶಿ ಅದಕ್ಕೆ ಸೊಪ್ಪು ಹಾಕದೆ ಕೈ ಹಿಡಿದು ಕರೆತಂದು ಕೂರಿಸಿದ್ದಳು. ಹಾಗೆ ಕೂರಿಸಿದವಳೇ ಎಲ್ಲರೆದುರು ತಮ್ಮ ವೈಧವ್ಯವನ್ನು ಆಡಿಕೊಂಡು ನಗಿಸಿದಳು ಎಂದು ಅತ್ತೆ ತಿಳಿದರು. ಅರ್ಧ ಊಟಕ್ಕೇ ಕೈ ತೊಳೆದು ಎದ್ದುಬಿಟ್ಟರು. ಅತ್ತ ಮೌಶಿ, ಪುಣೆಯವರಿಗೆ ಭಾಳ ಸೊಕ್ಕು ಎಂದುಕೊಂಡಳು. ಅಲ್ಲಿಂದೀಚೆಗೆ ಇಬ್ಬರೂ ಮುಖ ಕೊಟ್ಟು ಮಾತಾಡಿದವರಲ್ಲ.

ಅದು ಬರೀ ತಮಾಷೆಯ ಹಾಡು ಅತ್ಯಾ ಎಂದು ನಾನು ಹೇಳದ ಹಬ್ಬವಿಲ್ಲ. ತಮಾಷೆಯೋ ಅಲ್ಲವೋ ಎಂದು ಹೇಳಬೇಕಾದವಳು ನಗೆಗೀಡಾದವಳು, ನಕ್ಕವರಲ್ಲ ಎನ್ನುತ್ತಿದ್ದರು ಅವರು. ಮರಾಠಿ ಶಾಲೆಯಲ್ಲಿ ಮಾಸ್ತರಣಿಯಾಗಿ ನಿವೃತ್ತರಾದ ಹೆಂಗಸು, ಮಾತಿಗೆ ಜಗ್ಗುವ ಪೈಕಿಯಲ್ಲ. ಆದರೆ ಓದುವ ಚಟ ಇತ್ತು. ಹಪ್ಪಳದ ಪೊಟ್ಟಣದ ಮೇಲಿನ ಅಕ್ಷರವನ್ನೂ ಓದದೆ ಬಿಡುತ್ತಿರಲಿಲ್ಲ. ಕೇಳದವರು ಓದಿಯಾರು ಎಂದು ನನಗೆ ಹೊಳೆದದ್ದು ಆಗ.

ಮದುವೆಯ ಕ್ಯಾಸೆಟ್ಟನ್ನು ಯಾವಾಗಲೋ ಡಿಸ್ಕಿಗೆ ಹಾಕಿಸಿದ್ದೆವು. ಡಿಸ್ಕಿನ ಮೇಲೆ ಗೀರು ಬಿದ್ದು ಅಕ್ಷತೆಯ ಹತ್ತಿರ ಚಿತ್ರ ನಿಂತು ನಿಂತು ಓಡುತ್ತಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ ಫೈಲ್ ಮಾಡಿಕೊಂಡೆ. ನನ್ನ ಗಂಡನಿಗೆ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಆಮ್ಲದ ಜೊತೆ ಎಷ್ಟು ಧೈರ್ಯವೋ ಮನೆಯಲ್ಲಿ ತಾಯಿಯ ಮುಂದೆ ಅಷ್ಟೇ ಪುಕ್ಕಲ. ಸಬ್‌ಟೈಟಲನ್ನು ಬೇರೆ ಫೈಲಾಗಿಯೇ ಇಡು, ಅಮ್ಮನ ಮುಖ ಕೆಂಪಾದರೆ ರಿಮೋಟ್ ಒತ್ತಿ ಆರಿಸಬಹುದು ಎಂದು ಅವರ ಸಲಹೆ. ನನಗೆ ರೇಗಿಹೋಯಿತು. ಆರಿಸುವ ಗುಂಡಿ ಇದ್ದರೆ ಈ ಮನೆಯಲ್ಲಿ ಯಾರು ಮೊದಲು ಒತ್ತುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ಮೇಲಾಗಿ ನಮ್ಮ ಪ್ಲೇಯರು ಬೇರೆ ಫೈಲಿನ ಮರಾಠಿ ಅಕ್ಷರ ಕಂಡರೆ ಸಾಕು, ಚೌಕ ಚೌಕ ಡಬ್ಬಿಗಳನ್ನು ತೋರಿಸುತ್ತಿತ್ತು. ಚಿತ್ರಕ್ಕೇ ಅಕ್ಷರ ಬೆಸೆದುಬಿಡುವುದು, ಅಳಿಸಲಾಗದಂತೆ, ಆರಿಸಲಾಗದಂತೆ. ನಾನು ಅದನ್ನೇ ಮಾಡಿದೆ.

ಹಾಗೆ ಬೆಸೆಯುವ ಮುಂಚೆ ಪದಗಳು ಬೇಕಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಕೀಟು ಸೌಟುಗಳ ಸದ್ದಿನ ನಡುವೆ ಮೌಶಿಯ ದನಿಯನ್ನು ಹೆಕ್ಕುತ್ತ ಕುಳಿತೆ. ಮೊದಲ ನುಡಿ ಹೀಗಿತ್ತು:

ಪುಣೆದಿಂದ ಬಂದಾಳ ಬೀಗತಿ, ಬಾಯಿ ಭಾಳ ಸಣ್ಣದು
ಬುಟ್ಟಿ ಹೋಳಿಗಿ ಒಳಗ ಹೋತು, ದಾರಿ ಯಾವ ಕಡಿಯದು

ಮುಂದಿನ ನುಡಿಗಳೂ ಇದೇ ಜಾತಿ. ಬೀಗತಿ ತುಪ್ಪಕ್ಕೆ ಕೈಯೊಡ್ಡಿದಳು, ಬಡಿಸುವವನು ಓಡಿಹೋದ, ಇಂಥವು. ಗಂಡನಾದ ಪ್ರಾಣಿ ಹೆಗಲ ಹಿಂದೆ ನಿಂತು, ಹೋಳಿಗೆಯ ಜಾಗದಲ್ಲಿ ಸ್ವಾಗತ, ಸುಸ್ವಾಗತ ಎಂದು ಹಾಕಿಬಿಡು ಎಂದರು. ಸಾಧ್ಯವಿಲ್ಲ ಎಂದೆ. ಆ ನಗುವಿಗೂ ಸುಸ್ವಾಗತಕ್ಕೂ ತಾಳೆಯಾಗುವುದಿಲ್ಲ ಎಂದು ಮಾಸ್ತರಣಿಗೆ ಅರೆಕ್ಷಣದಲ್ಲಿ ತಿಳಿಯುತ್ತದೆ. ಒಂದು ಸಾಲಿನಲ್ಲಿ ಸುಳ್ಳು ಸಿಕ್ಕಿದರೆ ಮಿಕ್ಕ ಯಾವ ಸಾಲನ್ನೂ ಅವರು ನಂಬಲಾರರು. ಬೈಗುಳವನ್ನು ಬೈಗುಳದ ಹಾಗೆಯೇ ಮರಾಠಿಗೆ ತಂದೆ.

ಆಮೇಲೆ, ನಾನು ನೋಡಿಯೇ ಇರದ ಭಾಗ ಬಂತು. ಮದುವೆಯ ದಿನ ನಾನು ಒಳಕೋಣೆಯಲ್ಲಿ ಸೀರೆ ಬದಲಿಸುತ್ತಿದ್ದೆ, ಆಮೇಲೆ ಅತ್ತೆಯ ಸಿಟ್ಟಿಗೆ ಹೆದರಿ ಈ ಪಂಕ್ತಿಯ ಭಾಗವನ್ನು ಮನೆಯಲ್ಲಿ ಯಾರೂ ಹಾಕಿ ನೋಡಿರಲಿಲ್ಲ. ಅತ್ತೆ ಎದ್ದು ಚಿತ್ರದಿಂದ ಆಚೆ ಹೋದರು. ನಗು ನಿಂತಿತು. ಕ್ಯಾಮೆರಾದವನು ಏನು ಮಾಡುವುದೆಂದು ತೋಚದೆ ಅರ್ಧ ಉಂಡ ಎಲೆಯನ್ನೇ ತೋರಿಸುತ್ತ ನಿಂತುಬಿಟ್ಟಿದ್ದ. ಹಾಡು ಮಾತ್ರ ನಿಂತಿರಲಿಲ್ಲ. ಕಿಚಾಯಿಸಿದ ಮೇಲೆ ಕೊನೆಗೊಂದು ನುಡಿ ತಪ್ಪಾಯಿತೆಂದು ಹಾಡಲೇಬೇಕು, ಹಾಡದೆ ಬಿಡುವುದು ನಮ್ಮಲ್ಲಿ ಅಶುಭ. ಮೌಶಿ ಅದನ್ನು ಒಬ್ಬಳೇ, ಕುಗ್ಗಿದ ದನಿಯಲ್ಲಿ ಹಾಡಿದ್ದಳು:

ನಕ್ಕದ್ದು ನಗಿಯಾಗ ಬಿಡ್ರಿ, ಅಂದದ್ದು ಹಾಡಿನಾಗ ಬಿಡ್ರಿ
ತಾಯಿಲ್ಲದ ಕೂಸು ಕೊಡತೇವಿ, ಉಡಿಯಾಗ ಇಟಗೊಳ್ರಿ

ಹೆಡ್‌ಫೋನ್ ಕಿತ್ತಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆಯವರು ಕಾದು ಕುಳಿತಿದ್ದ ಹಾಡು ಬಂದೇ ಬಂದಿತ್ತು. ಕೇಳಬೇಕಾದವರು ಎದುರಿಗೆ ಇರಲಿಲ್ಲ, ಅಷ್ಟೇ. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಆ ಎರಡು ಸಾಲನ್ನು ಮರಾಠಿಗೆ ತಂದೆ. ಇಂದಿಗೂ ಹೇಳುತ್ತೇನೆ, ನಾನು ಮಾಡಿದ ಕೆಲಸದಲ್ಲೆಲ್ಲ ಅದೇ ಮೇಲು. ಸಾಲು ಹೆಚ್ಚು ಹೊತ್ತು ನಿಲ್ಲುವಂತೆ ಇಟ್ಟೆ, ವಯಸ್ಸಾದ ಕಣ್ಣಿಗೆ ಎಟಕುವಂತೆ ಅಕ್ಷರ ದಪ್ಪ ಮಾಡಿದೆ. ಕಂಪ್ಯೂಟರು ಗುರುಗುಟ್ಟುತ್ತ ಚಿತ್ರಕ್ಕೆ ಅಕ್ಷರ ಬೆಸೆಯುವಷ್ಟರಲ್ಲಿ ಭಾನುವಾರದ ಅಡುಗೆ, ಊಟ, ಪಾತ್ರೆ ಎಲ್ಲ ಮುಗಿದಿತ್ತು.

ಮೌಶಿಯ ಬಸ್ಸಿಗೆ ಎರಡು ದಿನ ಇರುವಾಗ ಅತ್ತೆ ಚೀಲಕ್ಕೆ ಸೀರೆ ತುಂಬತೊಡಗಿದರು. ನಾನು ಬೇಡವೆನ್ನಲಿಲ್ಲ. ಹೋಗುವುದಾದರೆ ಹೋಗಿ, ರಿಕ್ಷಾ ನಾನೇ ಕರೆಯುತ್ತೇನೆ, ಅದಕ್ಕೆ ಮೊದಲು ಇದನ್ನೊಂದಿಷ್ಟು ಓದಿ ಎಂದು ಅಕ್ಷರ ಬೆಸೆದ ಹೊಸ ಡಿಸ್ಕು ಹಾಕಿದೆ. ನೋಡಿ ಎನ್ನಲಿಲ್ಲ, ಓದಿ ಎಂದೆ. ಅವರು ಕನ್ನಡಕ ಏರಿಸಿದರು. ಹೋಳಿಗೆಯ ಸಾಲಿಗೆ ಹುಬ್ಬು ಗಂಟಾಯಿತು. ತುಪ್ಪದ ಸಾಲಿಗೆ, ಇಷ್ಟೇನಾ, ಇದಕ್ಕೇ ಅಷ್ಟು ನಕ್ಕರಾ ಎಂದು ನನ್ನತ್ತ ತಿರುಗಿದರು. ಇಷ್ಟೇ ಎಂದೆ. ತಮ್ಮ ವೈಧವ್ಯದ ಬಗ್ಗೆ ಹಾಡಿದ್ದಾರೆಂದು ಅವರು ಇಷ್ಟು ದಿನ ನಂಬಿದ್ದ ಆ ಒಂದು ಮಾತು ಯಾವ ಸಾಲಿನಲ್ಲೂ ಬರಲಿಲ್ಲ. ಆಮೇಲೆ ಎಲೆ ಬಂತು, ಎಲೆಯ ಮೇಲೆ ಕೊನೆಯ ನುಡಿ ಬಂತು.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕು ಎಂದರು, ಹಾಕಿದೆ. ಇನ್ನೊಂದು ಚೂರು ಹೊತ್ತು ನಾನು ಕೂತಿದ್ದಿದ್ದರೆ ಸಾಕಾಗಿತ್ತಲ್ಲೇ ಎಂದು ಮರಾಠಿಯಲ್ಲಿ ಅಂದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕುಳಿತೆ. ಅಂದು ನಾನು ರಿಕ್ಷಾ ಕರೆಯಲಿಲ್ಲ, ಅವರೂ ಕೇಳಲಿಲ್ಲ.

ಮೌಶಿ ಬರುವ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು, ನನ್ನಿಂದ ಎರಡೇ ಎರಡು ಕನ್ನಡ ಮಾತು ಕೇಳಿಕೊಂಡು, ಬಾಯಿಪಾಠ ಮಾಡುತ್ತ ಹೋದರು. ಮಧ್ಯಾಹ್ನ ನಡುಮನೆಯಲ್ಲಿ ಊಟದ ಎಲೆ ಹಾಕಿಸಿದರು. ಮೌಶಿಗೆ ನೆಲಕ್ಕೆ ಕೂರಲು ಆಗದು, ಕುರ್ಚಿ ತರಿಸಿ ಎದುರಿಗೆ ಕೂರಿಸಿದರು. ಮೌಶಿ ಏನೂ ಅರ್ಥವಾಗದೆ ಮಬ್ಬುಗಣ್ಣಿನಿಂದ ನನ್ನನ್ನು ಹುಡುಕುತ್ತಿದ್ದಳು. ಅತ್ತೆ ನೆಲದ ಮೇಲೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಅವಳ ಮೊಣಕಾಲು ಮುಟ್ಟಿದರು.

"ಹಾಡ್ರಿ," ಎಂದರು. "ನಾ ಏಳೂದಿಲ್ಲ."