ಬೇಸಾಯದ ಮೇಷ್ಟ್ರ ಬಿಳಿ ಪಂಚೆ

ಮೊನ್ನೆ ಹಿತ್ತಲಿನ ತಂತಿಯ ಮೇಲೆ ಒಣಹಾಕಿದ್ದ ನನ್ನ ಪಂಚೆಗೆ ತುಕ್ಕಿನ ಕಲೆ ಹತ್ತಿತು. ಸೊಸೆ ನಿಂಬೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಬಿಡಮ್ಮ, ಈ ವಯಸ್ಸಿನಲ್ಲಿ ನನ್ನ ಪಂಚೆ ನೋಡುವವರು ಯಾರು ಎಂದೆ. ಆದರೆ ಆ ಇಟ್ಟಿಗೆ ಬಣ್ಣ ನೋಡುತ್ತಾ ಕೂತವನಿಗೆ ಬೇಸಾಯದ ಮೇಷ್ಟ್ರು ನೆನಪಾದರು...

ಯಲ್ಲದಕೆರೆ ಕಡೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ, ಅವರು ಬೇಸಾಯ ಕಲಿಸುವವರು. ಗಿಡ್ಡ ತಳಿಯ ಹೊಸ ಗೋಧಿ ನಮ್ಮ ಸೀಮೆಗೆ ಆಗಷ್ಟೇ ಬಂದಿತ್ತು. ಅಲ್ಲಿಯವರೆಗೆ ಜನ ಎರೆಹೊಲದಲ್ಲಿ ಜವೆಗೋಧಿ ಬೆಳೆಯುತ್ತಿದ್ದರು. ಅದರ ಸಿಪ್ಪೆ ಕುಟ್ಟಿ ಬಿಡಿಸುವಷ್ಟರಲ್ಲಿ ಹೆಂಗಸರ ರಟ್ಟೆ ಬಿದ್ದುಹೋಗುತ್ತಿತ್ತು, ಇಳುವರಿಯೂ ಅಷ್ಟಕ್ಕಷ್ಟೆ. ಮೇಷ್ಟ್ರು ಮನೆಮನೆಗೆ ಹೋಗಿ ಹೇಳಿ ಹೊಸ ಬೀಜ ಬಿತ್ತಿಸಿದರು. ಮೊದಲ ವರ್ಷ ಬಂಗಾರದಂಥ ಬೆಳೆ. ಮರುವರ್ಷ ತೆನೆ ಹಾಲುಗಟ್ಟುವ ಹೊತ್ತಿಗೆ ತುಕ್ಕು ರೋಗ ಬಂತು. ಎಲೆ, ದಂಟಿನ ಮೇಲೆಲ್ಲ ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ. ಊರಿಗೆ ಊರೇ ಜೊಳ್ಳು ಕೊಯ್ದಿತು.

ಯಾರೂ ಅವರನ್ನು ಬೈಯಲಿಲ್ಲ. ಅವರು ಹೋಟೆಲಿಗೆ ಬಂದು ಕೂತರೆ ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸುತ್ತಿದ್ದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಮೇಷ್ಟ್ರು ಹೋಟೆಲಿಗೆ ಹೋಗುವುದನ್ನೇ ಬಿಟ್ಟರು.

ಜವೆಗೋಧಿಗೆ ಮಾತ್ರ ಆ ರೋಗ ಅಷ್ಟಾಗಿ ತಗಲುತ್ತಿರಲಿಲ್ಲ. ಆ ಗುಣವನ್ನು ಹೊಸ ಗೋಧಿಗೆ ತರುತ್ತೇನೆಂದು ಅವರು ಹಟ ಹಿಡಿದರು. ನಮ್ಮೂರಲ್ಲಿ ಹಳೆಯ ಬೀಜವೇ ಉಳಿದಿರಲಿಲ್ಲ. ಮಾಡದಕೆರೆಯ ಒಬ್ಬ ಅಜ್ಜಿಯ ಹತ್ತಿರ ಬೇಡಿ ತಂದರು. ಶಾಲೆಯ ಹಿಂದಿನ ಹೊಲದಲ್ಲಿ ಎರಡನ್ನೂ ಬೆಳೆದು, ಒಂದರ ಹೂವಿನಿಂದ ಕೇಸರಗಳನ್ನು ಚಿಮಟದಲ್ಲಿ ಕಿತ್ತು, ಇನ್ನೊಂದರ ಪರಾಗ ಮುಟ್ಟಿಸಿ, ತೆನೆಗೊಂದು ಕಾಗದದ ಟೋಪಿ ತೊಡಿಸುವರು. ಗೋಧಿಗೂ ಬಾಸಿಂಗ ಕಟ್ಟಿದಿರಾ ಎಂದು ನಾನು ರೇಗಿಸುತ್ತಿದ್ದೆ. ಕಟ್ಟಿದ್ದರಲ್ಲಿ ಬಹುಪಾಲು ಜೊಳ್ಳೇ. ಸಿಕ್ಕ ನಾಲ್ಕಾರು ಕಾಳನ್ನು ಮತ್ತೆ ಬಿತ್ತುವುದು, ಗಾಳಿಯಲ್ಲಿ ಬರುವ ರೋಗಕ್ಕೆ ಒಡ್ಡುವುದು, ಕಾಯುವುದು...

ಪರೀಕ್ಷೆ ಮಾಡುವ ರೀತಿಯೂ ಅವರದೇ. ಒಗೆದ ಬಿಳಿ ಪಂಚೆ ಉಟ್ಟು ಸಾಲುಗಳ ನಡುವೆ ನಡೆಯುವರು. ರೋಗವಿದ್ದರೆ ಮೊಣಕಾಲವರೆಗೆ ಪಂಚೆ ಕೆಂಪಾಗುತ್ತಿತ್ತು. ವರ್ಷ ವರ್ಷವೂ ಕೆಂಪೇ. ಒಗೆದೂ ಒಗೆದೂ ಸಾಕಾದ ಅವರ ಹೆಂಡತಿ, ಒಂದು ಕೆಂಪು ಪಂಚೆಯನ್ನೇ ತಂದುಕೊಳ್ಳಬಾರದೇ ಎಂದು ನನ್ನೆದುರಿಗೇ ಕೇಳಿದ್ದರು.

ಒಂದು ಚಳಿಗಾಲ ಎಲ್ಲ ಸಾಲುಗಳೂ ತುಕ್ಕು ಹಿಡಿದು ನಿಂತಾಗ ಒಂದೇ ಒಂದು ಸಾಲು ಹಸಿರಾಗಿತ್ತು. ಹಿಂದಿನ ವರ್ಷದ ಒಂದೇ ತೆನೆಯ ಕಾಳುಗಳು ಅವು. ಒಂದನ್ನೂ ಉಳಿಸದೆ ಬಿತ್ತಿದ್ದರು. ಆ ಸಾಲನ್ನು ಸವರಿಕೊಂಡು ಹೋಗಿ ಬಂದು, ಪಂಚೆಯ ಅಂಚು ಎತ್ತಿ ನನಗೆ ತೋರಿಸಿದರು.

"ನೋಡ್ರಿ ಪಂಡಿತ್ರೇ, ಏನೂ ಹತ್ತಿಲ್ಲ. ಈ ಕಾಳು ಬಲೀಲಿ... ಆಮೇಲೆ ಹೋಟ್ಲಿಗೆ ಹೋಗಿ ಕುಂತ್ಕತೀನಿ."

ಸಾಲಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದರು. ಮುಂದಿನ ವರ್ಷ ಆ ಬೀಜವನ್ನು ಪಕ್ಕದ ಖಾಲಿ ಹೊಲದಲ್ಲಿ ಬಿತ್ತುವ ಆಸೆ. ಅದಕ್ಕೆ ಗೊಬ್ಬರವಾಗಲೆಂದು, ನಮ್ಮ ಕಡೆಯ ಪದ್ಧತಿಯಂತೆ, ಅವರೇ ಹೋಗಿ ಒಂದು ಕುರಿಮಂದೆಯನ್ನು ಕರೆತಂದು ರಾತ್ರಿ ಆ ಹೊಲದಲ್ಲಿ ನಿಲ್ಲಿಸಿದರು.

ಬೆಳಿಗ್ಗೆ ನಾವಿಬ್ಬರೂ ಹೋಗಿ ನೋಡಿದಾಗ ಬೇಲಿ ನುಗ್ಗಾಗಿತ್ತು. ರೋಗದ ಸಾಲುಗಳನ್ನು ಕುರಿಗಳು ಮೂಸಿಯೂ ನೋಡಿರಲಿಲ್ಲ. ಅವುಗಳ ನಡುವೆ ಹಾದು ಹೋಗಿ ಆ ಒಂದು ಸಾಲನ್ನು ಬುಡದವರೆಗೂ ಮೇದಿದ್ದವು. ಬಿಳಿ ಕುರಿಗಳ ಕಾಲು, ಹೊಟ್ಟೆಗೆಲ್ಲ ಕೆಂಪು ಹತ್ತಿತ್ತು.

ಕುರಿಗಾಹಿ ಮುದುಕ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. "ಅವಕ್ಕೇನ್ ಗೊತ್ತು ಸಾಮಿ, ಇಡೀ ಹೊಲದಾಗೆ ಅದೊಂದೇ ಹಸ್ರು ಇತ್ತು," ಎಂದ.

ಮೇಷ್ಟ್ರು, "ನಿಂದೇನೂ ತಪ್ಪಿಲ್ಲ ಕಣಪ್ಪ. ಅವೂ ಒಳ್ಳೇದನ್ನೇ ಆರಿಸ್ಯಾವೆ," ಎಂದು ಹೇಳಿ, ಕೂಳೆಗಳ ನಡುವೆ ಕೂತು ಒಂದಾದರೂ ತೆನೆ ಉಳಿದಿದೆಯೇ ಎಂದು ಹುಡುಕಿದರು. ಉಳಿದಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೆ, ಅರ್ಥವಾದದ್ದು ಅವತ್ತು.

ಆಮೇಲೂ ಕೆಲವು ವರ್ಷ ಚಿಮಟ ಹಿಡಿದರು. ಅಂಥ ಸಾಲು ಮತ್ತೆ ಬರಲಿಲ್ಲ. ಯಾರಾದರೂ ದೊಡ್ಡ ವಿಜ್ಞಾನಿಗಳು ಎಲ್ಲಾದರೂ ಸಾಧಿಸುತ್ತಾರೆ ಬಿಡಿ ಎಂದು ಒಮ್ಮೆ ಸಮಾಧಾನ ಹೇಳಿದೆ. "ಸಾಧಿಸ್ತಾರೆ. ಆದ್ರೆ ರೋಗಾನೂ ಸುಮ್ನೆ ಕುಂತ್ಕಳಲ್ಲ, ಅದೂ ಕಲೀತೈತೆ," ಎಂದರು. ಹೊಳಲ್ಕೆರೆ ಕಡೆಗೆ ವರ್ಗವಾಗಿ ಹೋದವರು ಅಲ್ಲಿಯೇ ತೀರಿಕೊಂಡರು. ಹೊರಡುವ ದಿನವೂ ಬಸ್ಸಿಗೆ ಹೋಟೆಲಿನ ಮುಂದಿನಿಂದ ಹೋಗದೆ ಹಿಂದಿನ ದಾರಿಯಿಂದಲೇ ಹೋದದ್ದನ್ನು ನಾನು ಕಂಡಿದ್ದೇನೆ.

ಹೋದ ವರ್ಷ ಆ ಕಡೆ ಹೋಗಿದ್ದೆ. ಎಲ್ಲೆಲ್ಲೂ ಮೆಕ್ಕೆಜೋಳ. ಗೋಧಿ ರೇಷನ್ ಅಂಗಡಿಗೆ ಚೀಲದಲ್ಲಿ ಬರುತ್ತದೆ. ಮಾಡದಕೆರೆಯ ಅಜ್ಜಿಯ ಮನೆಯಲ್ಲೂ ಆ ಬೀಜ ಇಲ್ಲವಂತೆ... ಸೊಸೆ ಪಂಚೆಯನ್ನು ಇನ್ನೊಮ್ಮೆ ತಿಕ್ಕುತ್ತೇನೆ ಎನ್ನುತ್ತಿದ್ದಾಳೆ, ಬೇಡ ಎಂದಿದ್ದೇನೆ. ಮೇಷ್ಟ್ರ ಹೊಲದಲ್ಲಿ ಇವತ್ತು ಬಿಳಿ ಪಂಚೆ ಉಟ್ಟು ಈ ತುದಿಯಿಂದ ಆ ತುದಿಗೆ ನಡೆದರೂ ಒಂದು ಚುಕ್ಕೆಯೂ ಹತ್ತುವುದಿಲ್ಲ. ಹತ್ತಲು ಅಲ್ಲಿ ಗೋಧಿಯೇ ಇಲ್ಲ.